ವೀರಗಲ್ಲಿನ ಫೋಟೋಗೆ ಅಗ್ಗದ ಡಿಎಸ್‌ಎಲ್‌ಆರ್: ಈಗ ತಗೋಬಹುದಾ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಮೇಷ್ಟ್ರು. ಸುತ್ತಮುತ್ತಲ ಊರುಗಳ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳ ಫೋಟೋ ತೆಗೆದಿಡುವುದು ಹತ್ತು ವರ್ಷದಿಂದ ಹಚ್ಚಿಕೊಂಡ ಕೆಲಸ. ಈಗಿರುವುದು ನಿಕಾನ್ ಡಿ5300 ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ), ಅದರ ಜೊತೆಗೇ ಬಂದ 18-55 ಲೆನ್ಸ್. ಮುಂದಿನ ವರ್ಷ ನಿವೃತ್ತಿ. ಅದಕ್ಕೆ ಮೊದಲು ಶಾಲೆಯ ಹಾಲ್‌ನಲ್ಲಿ ಮೂರಡಿ-ಎರಡಡಿ ಪ್ರಿಂಟ್‌ಗಳ ಪ್ರದರ್ಶನ ಇಡುವ ಆಸೆ. ನಮ್ಮೂರಿನ ಮದುವೆ ಫೋಟೋಗ್ರಾಫರ್ ಒಬ್ಬರು ಮಿರರ್‌ಲೆಸ್ (ಆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ತಗೊಂಡಿದ್ದಾರೆ. ತಮ್ಮ ನಿಕಾನ್ ಡಿ850 ಬಾಡಿಯನ್ನು (ಲೆನ್ಸ್ ಇಲ್ಲದ ಕ್ಯಾಮೆರಾ) 95 ಸಾವಿರಕ್ಕೆ ಕೊಡುತ್ತೇನೆ ಅಂದಿದ್ದಾರೆ. ಪರಿಚಯದ ಇನ್ನೊಬ್ಬರ ಹತ್ತಿರ ಡಿ810 ಇದೆ, 45 ಸಾವಿರ. ನನ್ನ ಕೈಯಲ್ಲಿರುವುದು ಒಟ್ಟು ಒಂದೂಕಾಲು ಲಕ್ಷ. ಮಗ ‘ಡಿಎಸ್‌ಎಲ್‌ಆರ್ ಕಾಲ ಮುಗೀತು, ಸುಮ್ನೆ ದುಡ್ಡು ಹಾಳು’ ಅಂತಾನೆ. ನನಗೆ ಬಗ್ಗಿ ಕೂರುವುದು ಈಗೀಗ ಕಷ್ಟ, ಮಂಡಿನೋವು. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ತಗೊಳ್ಳಿ. ಆದರೆ ಕ್ಯಾಮೆರಾವನ್ನು ಕೊನೆಗೆ ತಗೊಳ್ಳಿ. ಮೊದಲು ಟ್ರೈಪಾಡ್, ಆಮೇಲೆ ಒಂದು ಒಳ್ಳೆಯ ಲೆನ್ಸ್, ಆಮೇಲೆ ಬಾಡಿ. ಈ ಕ್ರಮ ತಿರುಗುಮುರುಗಾದರೆ ನಿಮ್ಮ ಮಗ ಹೇಳಿದ ಮಾತೇ ನಿಜವಾಗುತ್ತದೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಮಗನ ಮಾತು. ಅವರು ಹೇಳುವುದರಲ್ಲಿ ತಪ್ಪಿಲ್ಲ. ನಿಕಾನ್ ಡಿಎಸ್‌ಎಲ್‌ಆರ್‌ಗಳ ಎಫ್ ಮೌಂಟ್ (ಲೆನ್ಸ್ ಕೂರುವ ಬಳೆ) 1959ರದು, ಕ್ಯಾನನ್‌ನ ಇಎಫ್ ಮೌಂಟ್ 1987ರದು. 2018ರಲ್ಲಿ ಎರಡೂ ಕಂಪನಿಗಳು ಫುಲ್ ಫ್ರೇಮ್ (ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದಿರುವ) ಮಿರರ್‌ಲೆಸ್‌ಗೆ ಹೊಸ ಮೌಂಟ್ ತಂದವು. ಅಲ್ಲಿಂದ ಮುಂದಿನ ಹೊಸ ಲೆನ್ಸ್, ಹೊಸ ಸಂಶೋಧನೆ ಎಲ್ಲ ಆ ಕಡೆಗೇ ಹರಿಯಿತು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 2020ರಲ್ಲಿ ಮೊದಲ ಸಲ ಮಿರರ್‌ಲೆಸ್ ಸಂಖ್ಯೆ ಡಿಎಸ್‌ಎಲ್‌ಆರ್‌ಗಿಂತ ಜಾಸ್ತಿಯಾಯಿತು. ಸೋನಿಯಂತೂ 2021ಕ್ಕೆ ತನ್ನ ಎ-ಮೌಂಟ್ ಕ್ಯಾಮೆರಾಗಳನ್ನೇ ನಿಲ್ಲಿಸಿತು. ದೊಡ್ಡ ಕಂಪನಿಗಳ ಪೈಕಿ ಇನ್ನೂ ಡಿಎಸ್‌ಎಲ್‌ಆರ್ ಅನ್ನೇ ನೆಚ್ಚಿಕೊಂಡಿರುವುದು ಪೆಂಟಾಕ್ಸ್ ಒಂದೇ.

ಈಗ ನಿಮ್ಮೂರಿನ ಫೋಟೋಗ್ರಾಫರ್ ಯಾಕೆ ಮಾರುತ್ತಿದ್ದಾರೆ ಅಂತ ಯೋಚಿಸಿ. ಮದುವೆಯಲ್ಲಿ ಧಾರೆ ಎರೆಯುವಾಗ ಹುಡುಗಿ ತಲೆ ಎತ್ತಿದ ಆ ಒಂದು ಕ್ಷಣ ಕಣ್ಣಿನ ಮೇಲೇ ಫೋಕಸ್ ಕೂರಬೇಕು. ಮಿರರ್‌ಲೆಸ್ ಅದನ್ನು ತಾನೇ ಹುಡುಕಿಕೊಂಡು ಮಾಡುತ್ತದೆ. ವಿಡಿಯೋ ಸಲೀಸು. ಶಬ್ದ ಇಲ್ಲ. ಅವರ ದುಡಿಮೆಗೆ ಅದು ಬೇಕೇ ಬೇಕು. ನಿಮಗೆ? ಎಂಟುನೂರು ವರ್ಷದಿಂದ ಕೆರೆ ಏರಿಯ ಮೇಲೆ ನಿಂತಿರುವ ಕಲ್ಲಿಗೆ ಕಣ್ಣು ಹುಡುಕುವ ಫೋಕಸ್ ಬೇಡ. ಅವರು ಬೇಡ ಅಂತ ಬಿಡುತ್ತಿರುವ ಕೊರತೆಗಳು ನಿಮ್ಮ ಕೆಲಸದಲ್ಲಿ ಎದುರಾಗುವುದೇ ಇಲ್ಲ. ಡಿ850 2017ರಲ್ಲಿ ಭಾರತಕ್ಕೆ ಬಂದಾಗ ಬಾಡಿಗೇ ಎರಡೂವರೆ ಲಕ್ಷದ ಮೇಲಿತ್ತು. ಅವತ್ತು ಅದರ ಸೆನ್ಸರ್ ಏನು ಕೊಡುತ್ತಿತ್ತೋ ಇವತ್ತೂ ಅದನ್ನೇ ಕೊಡುತ್ತದೆ: 45.7 ಮೆಗಾಪಿಕ್ಸೆಲ್, ಮೂಲ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 64, ನೆರಳಿನೊಳಗಿನ ವಿವರವನ್ನು ಎತ್ತಿದರೂ ಕೆಡದ ಫೈಲ್. ಮರುವರ್ಷ ಬಂದ ನಿಕಾನ್‌ನ ಮೊದಲ ಫುಲ್ ಫ್ರೇಮ್ ಮಿರರ್‌ಲೆಸ್ ಝಡ್7ನದೂ ಅಷ್ಟೇ ಮೆಗಾಪಿಕ್ಸೆಲ್.

ಹಾಗಾದರೆ ಟ್ರೈಪಾಡ್ ಮೊದಲು ಯಾಕೆ? ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. 36 ಮೆಗಾಪಿಕ್ಸೆಲ್ ಕ್ಯಾಮೆರಾ ಮೊದಲ ಸಲ ಕೈಗೆ ಬಂದಾಗ ಅದೇ ಖುಷಿಯಲ್ಲಿ ಒಂದು ಸಂಜೆ ಕೆರೆ ಏರಿಯ ವೀರಗಲ್ಲೊಂದರ ಮುಂದೆ ನಿಂತೆ. ಮೂರು ಹಂತದ ಕಲ್ಲು. ಕೆಳಗೆ ಹೋರಾಟ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವನು. ಹಂತಗಳ ನಡುವಿನ ಪಟ್ಟಿಯಲ್ಲಿ ಎರಡೆರಡು ಸಾಲು ಬರಹ. ಬೆಳಕು ಇಳಿಯುತ್ತಿತ್ತು. ಕೈಯಲ್ಲೇ ಹಿಡಿದು, ಅರವತ್ತನೇ ಒಂದು ಸೆಕೆಂಡಿನಲ್ಲಿ ಮೂವತ್ತು ಫೋಟೋ ತೆಗೆದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಚೆನ್ನಾಗಿ ಕಂಡಿತು. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡಿದರೆ ಪ ಯಾವುದು, ವ ಯಾವುದು ಅಂತ ಹೇಳಲಾಗುತ್ತಿರಲಿಲ್ಲ. ಅಕ್ಷರದ ಅಂಚು ಎರಡೆರಡಾಗಿ ಕಾಣುತ್ತಿತ್ತು. ಮೂವತ್ತರಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಮುಂದಿನ ವಾರ ಟ್ರೈಪಾಡ್ ಹೊತ್ತುಕೊಂಡು ಮತ್ತೆ ಹೋದೆ. ಅದೇ ಕ್ಯಾಮೆರಾ, ಅದೇ ಲೆನ್ಸ್, ಅದೇ ಕಲ್ಲು. ಆ ದಿನದ ಫೋಟೋದಲ್ಲಿ ಉಳಿಯ ಏಟು ಬಿದ್ದ ಗುರುತು ಕೂಡ ಎಣಿಸಬಹುದಿತ್ತು.

ಇದರ ಲೆಕ್ಕ ಸರಳ. ಐದಡಿ ಎತ್ತರದ ಕಲ್ಲು ಅಂದುಕೊಳ್ಳಿ, ಅಂದರೆ ಸುಮಾರು 1500 ಮಿಲಿಮೀಟರ್. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು ಇಡೀ ಕಲ್ಲನ್ನು ಚೌಕಟ್ಟಿಗೆ ತುಂಬಿದರೆ, ಡಿ850ಯ 8256 ಪಿಕ್ಸೆಲ್ ಆ ಎತ್ತರಕ್ಕೆ ಹಂಚಿಹೋಗುತ್ತದೆ. ಒಂದು ಮಿಲಿಮೀಟರ್‌ಗೆ ಐದೂವರೆ ಪಿಕ್ಸೆಲ್ ಬಂತು. ಡಿ810ಯ 7360 ಪಿಕ್ಸೆಲ್‌ನಲ್ಲಿ ಸುಮಾರು ಐದು. ನಿಮ್ಮ ಡಿ5300ಯ 6000ದಲ್ಲಿ ನಾಲ್ಕು. ಗಮನಿಸಿ, ನಾಲ್ಕು ಎಲ್ಲಿ, ಐದೂವರೆ ಎಲ್ಲಿ, ಅಂಥ ಆಕಾಶ-ಭೂಮಿ ವ್ಯತ್ಯಾಸವೇನಲ್ಲ. ಆದರೆ ಕೈ ಅಲುಗಿ ಚಿತ್ರ ಕಲ್ಲಿನ ಮೇಲೆ ಒಂದೇ ಒಂದು ಮಿಲಿಮೀಟರ್ ಜರುಗಿದರೂ ಐದು ಪಿಕ್ಸೆಲ್ ಕಲಸಿಹೋದ ಹಾಗೆ. ಆಗ ನೀವು 95 ಸಾವಿರ ಕೊಟ್ಟು ತಂದದ್ದು ಪೂರ್ತಿ ಅಲ್ಲೇ ಸೋರಿಹೋಗುತ್ತದೆ. ಟ್ರೈಪಾಡ್ ಮೇಲಿನ ಡಿ5300, ಕೈಯಲ್ಲಿ ಹಿಡಿದ ಡಿ850ಗಿಂತ ಚೆನ್ನಾಗಿ ಓದಿಸುತ್ತದೆ. ಇದನ್ನು ನೀವೇ ಈ ಭಾನುವಾರ ಯಾರದಾದರೂ ಟ್ರೈಪಾಡ್ ಕೇಳಿ ಪಡೆದು ನೋಡಬಹುದು.

ಪ್ರಿಂಟ್ ಲೆಕ್ಕವನ್ನೂ ಮಾಡಿಬಿಡೋಣ. ಮೂರಡಿ ಅಂದರೆ 36 ಇಂಚು. ಡಿ5300ಯಿಂದ ಇಂಚಿಗೆ 167 ಚುಕ್ಕೆ ಸಿಗುತ್ತದೆ, ಡಿ810ಯಿಂದ 204, ಡಿ850ಯಿಂದ 229. ಆರೇಳು ಅಡಿ ದೂರದಿಂದ ನೋಡುವ ಚಿತ್ರಕ್ಕೆ 150 ಇದ್ದರೂ ಸಾಕು. ಆದರೆ ನಿಮ್ಮ ಮಕ್ಕಳು ದೂರ ನಿಲ್ಲುವುದಿಲ್ಲ, ಅಲ್ವಾ? ಶಾಸನದ ಹತ್ತಿರ ಬಂದು ಬೆರಳಿಟ್ಟು ಓದಲು ನೋಡುತ್ತಾರೆ. ಆಗ 200ರ ಮೇಲಿದ್ದರೆ ಚೆಂದ. ಹಾಗಾಗಿ ಹೆಚ್ಚು ಪಿಕ್ಸೆಲ್‌ನ ಆಸೆ ನಿಮ್ಮ ವಿಷಯದಲ್ಲಿ ಬರೀ ಶೋಕಿ ಅಲ್ಲ. ಕಾರಣ ಇದೆ.

ಇನ್ನೊಂದು ದಾರಿಯೂ ಇದೆ, ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಕಲ್ಲು ಅಲುಗಾಡುವುದಿಲ್ಲವಲ್ಲ. ಹತ್ತಿರ ಹೋಗಿ, ಮೇಲಿನ ಹಂತ, ನಡುವಿನದು, ಕೆಳಗಿನದು ಅಂತ ಮೂರು ಅಡ್ಡ ಫೋಟೋ ತೆಗೆಯಿರಿ. ಒಂದರ ಮೇಲೊಂದು ಮೂರನೇ ಒಂದು ಭಾಗ ಬರುವ ಹಾಗಿರಲಿ. ಕಂಪ್ಯೂಟರ್‌ನಲ್ಲಿ ಹೊಲಿದು ಒಂದು ಮಾಡಿದರೆ ನಿಮ್ಮ ಡಿ5300ಯಿಂದಲೇ ಡಿ850ಗಿಂತ ದೊಡ್ಡ ಚಿತ್ರ ಬರುತ್ತದೆ. ಬೆಳಕು ಬದಲಾಗಬಾರದು, ಫೋಕಸ್ ಮತ್ತು ಎಕ್ಸ್‌ಪೋಷರ್ (ಒಳಬರುವ ಬೆಳಕಿನ ಪ್ರಮಾಣ) ಎರಡನ್ನೂ ಮ್ಯಾನ್ಯುಯಲ್‌ನಲ್ಲಿ ಕಟ್ಟಿಹಾಕಿರಬೇಕು, ಅಷ್ಟೇ. ದಿನಕ್ಕೆ ಎರಡು ಕಲ್ಲು ಮಾಡುವವರಿಗೆ ಇದು ಸಾಕು. ದಿನಕ್ಕೆ ಹತ್ತು ಕಲ್ಲು, ಪ್ರತಿಯೊಂದಕ್ಕೂ ನಾಲ್ಕು ಬಗೆಯ ಬೆಳಕು ಅಂತ ಹೊರಟರೆ ಹೊಲಿಯುವ ಕೆಲಸವೇ ರಾತ್ರಿಯೆಲ್ಲ ಹಿಡಿಯುತ್ತದೆ. ಹತ್ತು ವರ್ಷದಿಂದ ಮಾಡುತ್ತಿರುವ ನೀವು ಎರಡನೇ ಗುಂಪಿನವರು ಅಂತ ನನ್ನ ಅಂದಾಜು.

ಟ್ರೈಪಾಡ್ ಹೇಗಿರಬೇಕು? ಡಿ850 ಬ್ಯಾಟರಿ, ಕಾರ್ಡ್ ಸೇರಿ ಒಂದು ಕೆಜಿ ತೂಗುತ್ತದೆ. ಲೆನ್ಸ್ ಬೇರೆ. ಮೊಬೈಲ್ ಅಂಗಡಿಯಲ್ಲಿ ನೇತುಹಾಕಿರುವ ಬೆಳ್ಳಿ ಬಣ್ಣದ ತೆಳು ಟ್ರೈಪಾಡ್ ಇದಕ್ಕೆ ಆಗುವುದಿಲ್ಲ. ನಡುವಿನ ಕಂಬ ಎತ್ತದೆಯೇ ನಿಮ್ಮ ಎದೆ ಮಟ್ಟ ಬರಬೇಕು, ಕಾಲುಗಳನ್ನು ಅಗಲಿಸಿ ನೆಲದ ಹತ್ತಿರಕ್ಕೂ ಇಳಿಸಲು ಬರಬೇಕು. ಅರ್ಧ ಹೂತ ಕಲ್ಲಿನ ಕೆಳಪಟ್ಟಿ ಇರುವುದು ಪಾದದ ಮಟ್ಟದಲ್ಲಿ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಯೂಮಿನಿಯಂನದೇ ಸಾಕು, ಕಾರ್ಬನ್ ಬೇಡ. ಭಾರ ಇದ್ದಷ್ಟೂ ಗಾಳಿಗೆ ಅಲುಗುವುದಿಲ್ಲ.

ಕ್ಯಾಮೆರಾ ಟ್ರೈಪಾಡ್ ಮೇಲೆ ಕೂತ ಮೇಲೆ ವ್ಯೂಫೈಂಡರ್ ಮರೆತುಬಿಡಿ. ಲೈವ್ ವ್ಯೂ ಹಾಕಿ, ಅಂದರೆ ಹಿಂದಿನ ಪರದೆಯಲ್ಲೇ ನೋಡಿ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಕನ್ನಡಿಯ ಕೆಳಗೆ ಕೂತ ಆ ಮೊದಲನೆಯದು ಕೂದಲೆಳೆಯಷ್ಟು ತಪ್ಪು ಹೇಳಿದರೂ 45 ಮೆಗಾಪಿಕ್ಸೆಲ್‌ನಲ್ಲಿ ಅದು ಎದ್ದು ಕಾಣುತ್ತದೆ. ಲೈವ್ ವ್ಯೂನಲ್ಲಿ ಚಿತ್ರ ಹಿಡಿಯುವ ಸೆನ್ಸರೇ ಫೋಕಸ್ ನೋಡುತ್ತದೆ. ಮಿರರ್‌ಲೆಸ್ ಮಾಡುವುದೂ ಇದನ್ನೇ. ಒಂದು ಅಕ್ಷರದ ಮೇಲೆ ಚೌಕ ತಂದು, ಪೂರ್ತಿ ಜೂಮ್ ಒತ್ತಿ, ಲೆನ್ಸಿನ ರಿಂಗ್ ಅನ್ನು ಕೈಯಿಂದಲೇ ತಿರುಗಿಸಿ ಅಂಚು ಚೂಪಾಗುವವರೆಗೆ ಕಾಯಿರಿ. ಆಮೇಲೆ ಮಿರರ್-ಅಪ್ ಮೋಡ್ (ಕನ್ನಡಿಯನ್ನು ಮೊದಲೇ ಎತ್ತಿಡುವುದು), ಎಲೆಕ್ಟ್ರಾನಿಕ್ ಫ್ರಂಟ್ ಕರ್ಟನ್ (ಶಟರ್ ಅಲುಗದೆ ಎಲೆಕ್ಟ್ರಾನಿಕ್ ಆಗಿ ತೆರೆಯುವುದು) ಆನ್, ಒಂದು ರಿಮೋಟ್. ಡಿ810, ಡಿ850 ಎರಡರಲ್ಲೂ ಇವಿವೆ. ಕನ್ನಡಿ ಎದ್ದ ಅದುರು, ಶಟರ್‌ನ ಅದುರು ಎರಡೂ ಚಿತ್ರಕ್ಕೆ ತಾಗುವುದಿಲ್ಲ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್/8ರ ಆಸುಪಾಸು ಇರಲಿ. ಎಲ್ಲ ಸ್ಪಷ್ಟ ಬರಲಿ ಅಂತ ಎಫ್/16, ಎಫ್/22ಕ್ಕೆ ಹೋಗಬೇಡಿ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುತ್ತದೆ, ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಬೆಳಕಿನ ಬಗ್ಗೆ ನಿಮಗೆ ಗೊತ್ತೇ ಇರುತ್ತದೆ, ಆದರೂ ಒಂದು ಮಾತು. ಸವೆದ ಅಕ್ಷರ ಓದಿಸುವುದು ಪಕ್ಕದಿಂದ ಸವರಿಕೊಂಡು ಬರುವ ಬೆಳಕು. ಬೆಳಿಗ್ಗೆ ಏಳು ಗಂಟೆಯ ಬಿಸಿಲು ಕಲ್ಲಿನ ಮುಖಕ್ಕೆ ಓರೆಯಾಗಿ ಬಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಒಂದು ಎಲ್‌ಇಡಿ ಟಾರ್ಚ್ ಅನ್ನು ಕಲ್ಲಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿಯಲು ಒಬ್ಬ ಹುಡುಗ ಸಾಕು. ಒಂದೇ ಫ್ರೇಮ್, ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು. ಎಡದ ಬೆಳಕಿನಲ್ಲಿ ಮುಚ್ಚಿಹೋದ ಗೆರೆ ಬಲದ್ದರಲ್ಲಿ ತೆರೆದುಕೊಳ್ಳುತ್ತದೆ. ಪೂಜೆ ನಡೆಯುವ ಕಲ್ಲುಗಳಿಗೆ ಎಣ್ಣೆ ಹಿಡಿದು ಕಪ್ಪಗೆ ಹೊಳೆಯುತ್ತವೆ. ಅಂಥ ಕಡೆ ಪೋಲರೈಸರ್ ಫಿಲ್ಟರ್ ಆ ಹೊಳಪನ್ನು ಬಹಳಷ್ಟು ಇಳಿಸುತ್ತದೆ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಮೈದಾ, ವಿಭೂತಿ ಬಳಿಯುವವರನ್ನು ಎಷ್ಟೋ ಕಡೆ ನೋಡಿದ್ದೇನೆ. ದಯವಿಟ್ಟು ಮಾಡಬೇಡಿ, ಮಾಡುವವರನ್ನು ಕಂಡರೆ ತಡೆಯಿರಿ. ಅದು ಸಣ್ಣ ಬಿರುಕುಗಳಲ್ಲಿ ಕೂತರೆ ಹೋಗುವುದಿಲ್ಲ.

ಈಗ ಲೆನ್ಸ್. ಇಲ್ಲೊಂದು ಹೊಂಡ ಇದೆ, ತುಂಬಾ ಜನ ಬೀಳುತ್ತಾರೆ. ನಿಮ್ಮ 18-55 ಡಿಎಕ್ಸ್ ಲೆನ್ಸ್. ಅಂದರೆ ಸಣ್ಣ ಸೆನ್ಸರ್‌ಗೆ ಮಾಡಿದ್ದು. ಅದನ್ನು ಡಿ850ಗೆ ಹಾಕಿದರೆ ಕೂರುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಕ್ಯಾಮೆರಾ ತಾನಾಗಿಯೇ ನಡುವಿನ ಭಾಗವನ್ನು ಮಾತ್ರ ಬಳಸಿ 19.4 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ. ನಿಮ್ಮ ಡಿ5300 ಕೊಡುವುದು 24.2! 95 ಸಾವಿರ ಖರ್ಚು ಮಾಡಿ ಇದ್ದುದಕ್ಕಿಂತ ಸಣ್ಣ ಫೋಟೋ ತಂದ ಹಾಗಾಗುತ್ತದೆ. ಬಾಡಿಗೇ ಎಲ್ಲ ದುಡ್ಡು ಸುರಿದು, ಲೆನ್ಸ್ ಆಮೇಲೆ ನೋಡೋಣ ಅನ್ನುವವರ ಗತಿ ಇದು.

ನಿಮ್ಮ ಕೆಲಸಕ್ಕೆ ನಾನು ಕಣ್ಣುಮುಚ್ಚಿ ಹೇಳುವುದು ನಿಕಾನ್‌ನ ಹಳೆಯ 60 ಎಂಎಂ ಎಫ್/2.8ಡಿ ಮೈಕ್ರೋ, ಹತ್ತಿರದ ಸಣ್ಣ ವಿವರ ಹಿಡಿಯುವ ಲೆನ್ಸ್. ಚಪ್ಪಟೆ ಕಲ್ಲು, ತಾಳೆಗರಿ, ಹಳೇ ಕಾಗದ ಇಂಥವಕ್ಕೆಂದೇ ಹೇಳಿಮಾಡಿಸಿದ ಹಾಗಿದೆ. ಮೂಲೆಯಿಂದ ಮೂಲೆಗೆ ಒಂದೇ ಸಮ, ನೇರ ಗೆರೆ ನೇರವಾಗಿಯೇ ಬರುತ್ತದೆ. ಐದಡಿ ಕಲ್ಲಿಗೆ ಎರಡೂವರೆ ಮೀಟರ್ ಹಿಂದೆ ನಿಂತರೆ ಸಾಕು. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಸಿಗುತ್ತದೆ. 2016ರ ಹೊತ್ತಿಗೇ ನಿಕಾನ್‌ನ ನಿಕ್ಕಾರ್ ಹೆಸರಿನ ಲೆನ್ಸ್‌ಗಳ ತಯಾರಿಕೆ 10 ಕೋಟಿ ದಾಟಿತ್ತು, ಹಾಗಾಗಿ ಹಳೆಯ ಲೆನ್ಸ್‌ಗೆ ಬರ ಇಲ್ಲ. ಇದರ ಆಟೋಫೋಕಸ್ ನಡೆಯುವುದು ಬಾಡಿಯೊಳಗಿನ ಮೋಟಾರ್‌ನಿಂದ. ಡಿ810, ಡಿ850ಯಲ್ಲಿ ಆ ಮೋಟಾರ್ ಇದೆ, ಡಿ5300ಯಲ್ಲಿ ಇಲ್ಲ. ಆದರೆ ಮೇಲೆ ಹೇಳಿದ ಹಾಗೆ ನೀವು ಕೈಯಿಂದಲೇ ಫೋಕಸ್ ಮಾಡುವವರು, ಆದ್ದರಿಂದ ಈ ಲೆನ್ಸ್ ಅನ್ನು ಇವತ್ತೇ ಡಿ5300ಗೆ ಹಾಕಿ ಕೆಲಸ ಶುರುಮಾಡಬಹುದು. ನಾಲ್ಕು ಮೀಟರ್ ಹಿಂದೆ ಸರಿಯಬೇಕು, ಅಷ್ಟೇ ವ್ಯತ್ಯಾಸ. ತರುವಾಗ ಟಾರ್ಚ್ ಬೆಳಕು ಬಿಟ್ಟು ಒಳಗೆ ನೋಡಿ. ಜೇಡರಬಲೆಯಂಥ ಬಿಳಿ ಎಳೆ ಕಂಡರೆ ಅದು ಫಂಗಸ್. ಬಿಟ್ಟುಬಿಡಿ. ನಮ್ಮ ಮಲೆನಾಡು, ಕರಾವಳಿ ಕಡೆಯಿಂದ ಬಂದ ಲೆನ್ಸ್‌ಗಳಲ್ಲಿ ಇದು ಜಾಸ್ತಿ. ಅಗಲವಾದ ಲೆನ್ಸ್ ಬೇಕಾದಾಗ ನಿಮ್ಮ 18-55 ಡಿ5300ಯ ಮೇಲೆ ಇದ್ದೇ ಇದೆ.

ಸರಿ, ಡಿ810ಯೋ ಡಿ850ಯೋ? ಬರೀ ಪಿಕ್ಸೆಲ್ ನೋಡಿದರೆ ಡಿ810 ಸಾಕು ಅನ್ನುತ್ತಿದ್ದೆ. 2014ರ ಕ್ಯಾಮೆರಾ, 36.3 ಮೆಗಾಪಿಕ್ಸೆಲ್, ಅದೂ ಐಎಸ್‌ಒ 64. ಉದ್ದದಲ್ಲಿ ನೂರಕ್ಕೆ ಹನ್ನೆರಡು ಮಾತ್ರ ವ್ಯತ್ಯಾಸ. ಪ್ರಿಂಟ್ ಗೋಡೆಗೆ ಹಾಕಿದ ಮೇಲೆ ಯಾವುದು ಯಾವುದರದ್ದು ಅಂತ ನಾನೂ ಹೇಳಲಾರೆ. ಆದರೆ ನೀವು ಮಂಡಿನೋವು ಅಂದಿದ್ದೀರಿ. ಡಿ810ಯ ಪರದೆ ಬೆನ್ನಿಗೆ ಅಂಟಿಕೊಂಡಿರುತ್ತದೆ. ಕೆಳಪಟ್ಟಿಯ ಬರಹಕ್ಕೆ ಕ್ಯಾಮೆರಾವನ್ನು ನೆಲದಿಂದ ಅಡಿ ಎತ್ತರಕ್ಕೆ ಇಳಿಸಿದಾಗ ನೀವು ಮಣ್ಣಿನಲ್ಲಿ ಮಲಗಿಯೇ ಫೋಕಸ್ ನೋಡಬೇಕು. ಡಿ850ಯ ಪರದೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಪುಟ್ಟ ಸ್ಟೂಲ್ ಮೇಲೆ ಕೂತು, ಬಾವಿಗೆ ಇಣುಕಿದ ಹಾಗೆ ಮೇಲಿನಿಂದ ನೋಡಿಕೊಂಡು, ಬೆರಳಿನಿಂದ ಮುಟ್ಟಿ ಜೂಮ್ ಮಾಡಿಕೊಳ್ಳಬಹುದು. ದಿನಕ್ಕೆ ಹತ್ತು ಕಲ್ಲು ಮಾಡುವವರಿಗೆ ಇದು ಒಂಬತ್ತು ಮೆಗಾಪಿಕ್ಸೆಲ್‌ಗಿಂತ ದೊಡ್ಡ ಲಾಭ. ನಿಮಗೆ ನಾನು ಡಿ850 ಹೇಳುವುದು ಈ ಒಂದು ಕೀಲಿನ ಸಲುವಾಗಿ.

ಹಾಗಾದರೆ ಸೆಕೆಂಡ್ ಹ್ಯಾಂಡ್ ಝಡ್7 ಯಾಕಾಗಬಾರದು ಅಂತ ಮಗ ಕೇಳಬಹುದು. ಒಳ್ಳೆಯ ಪ್ರಶ್ನೆಯೇ. 2018ರ ಆ ಮಿರರ್‌ಲೆಸ್ ಕೂಡ ಈಗ ಬೆಲೆ ಇಳಿಸಿಕೊಂಡಿದೆ. ಪರದೆ ಅದರಲ್ಲೂ ಮಡಚುತ್ತದೆ, ತೂಕ ಕಡಿಮೆ. ಅದರ ಸೆನ್ಸರೇ ಅಲುಗಿ ಕೈನಡುಕವನ್ನು ಸರಿದೂಗಿಸುತ್ತದೆ. ಇದು ಡಿ850ಯಲ್ಲಿ ಇಲ್ಲ. ನಿಮ್ಮ ಕೆಲಸ ಮುಖ್ಯವಾಗಿ ಬೇಲೂರಿನ ನವರಂಗದಂಥ ಕತ್ತಲೆಯ ಒಳಾಂಗಣದಲ್ಲಾಗಿದ್ದರೆ ನಾನು ಝಡ್7 ಅನ್ನೇ ಹೇಳುತ್ತಿದ್ದೆ. ಯಾಕೆಂದರೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ದೇವಸ್ಥಾನಗಳಲ್ಲಿ ಅನುಮತಿ ಪತ್ರ ಇಲ್ಲದೆ ಟ್ರೈಪಾಡ್ ಬಿಚ್ಚಿದರೆ ತಡೆಯುತ್ತಾರೆ. ಕೈಯಲ್ಲೇ ಹಿಡಿಯಬೇಕಾಗುತ್ತದೆ. ಆದರೆ ನಿಮ್ಮ ಕಲ್ಲುಗಳು ಹೊಲದ ಬದು, ಕೆರೆ ಏರಿ, ಊರಬಾಗಿಲಿನಲ್ಲಿವೆ. ಟ್ರೈಪಾಡ್‌ಗೆ ಅಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಝಡ್7ಗೆ ಹಳೆಯ ಲೆನ್ಸ್ ಹಾಕಲು ಅಡಾಪ್ಟರ್ ಬೇರೆ ಬೇಕು. ಕಾರ್ಡ್ ಜಾಗ ಒಂದೇ, ಅದೂ ದುಬಾರಿಯಾದ ಎಕ್ಸ್‌ಕ್ಯೂಡಿ ಬಗೆಯ ಕಾರ್ಡಿಗೆ. ಬ್ಯಾಟರಿ, ಅಧಿಕೃತ ಅಳತೆಯಲ್ಲಿ 330 ಫೋಟೋ. ಡಿ850ಯದು ಅದೇ ಅಳತೆಯಲ್ಲಿ 1840. ಲೈವ್ ವ್ಯೂ ಜಾಸ್ತಿ ಬಳಸಿದರೆ ಅಷ್ಟು ಬರುವುದಿಲ್ಲ, ನಿಜ. ಆದರೂ ಕರೆಂಟ್ ಸಿಗದ ಕಡೆ ದಿನವಿಡೀ ಸುತ್ತುವವರಿಗೆ ಒಂದು ಬ್ಯಾಟರಿ, ಮತ್ತೊಂದು ಜೇಬಿನಲ್ಲಿ, ಸಾಕಾಗುತ್ತದೆ.

ಕ್ಯಾನನ್ ಲೆನ್ಸ್ ಇರುವವರಿಗೆ ಮಾತ್ರ ಕ್ಯಾನನ್ 5ಡಿಎಸ್, 5ಡಿಎಸ್ ಆರ್. 2015ರಲ್ಲಿ ಬಂದ 50.6 ಮೆಗಾಪಿಕ್ಸೆಲ್ ಕ್ಯಾಮೆರಾಗಳು. ಹಗಲು ಬೆಳಕಿನಲ್ಲಿ ಅದ್ಭುತ. ಆದರೆ ಕಪ್ಪು ನೆರಳನ್ನು ಎತ್ತಿದಾಗ ನಿಕಾನ್‌ನಷ್ಟು ಶುದ್ಧವಾಗಿರುವುದಿಲ್ಲ, ಕಲ್ಲಿನ ಕೆಲಸದಲ್ಲಿ ನೆರಳೇ ಅರ್ಧ. ಪೆಂಟಾಕ್ಸ್ ಕೆ-1 ಕಲ್ಲಿಗೆ ತುಂಬಾ ಒಳ್ಳೆಯದು, ಸೆನ್ಸರ್ ಅನ್ನು ಒಂದೊಂದು ಪಿಕ್ಸೆಲ್ ಜರುಗಿಸಿ ನಾಲ್ಕು ಸಲ ತೆಗೆದು ಸೇರಿಸುತ್ತದೆ. ಆದರೆ ನಮ್ಮಲ್ಲಿ ಅದರ ಲೆನ್ಸ್ ಹುಡುಕುವುದೇ ಕಷ್ಟ.

ಇನ್ನು ಆ ಡಿ850ಯನ್ನು ಹೇಗೆ ನೋಡಿ ತಗೋಬೇಕು ಅನ್ನುವುದು. ಮದುವೆ ಕ್ಯಾಮೆರಾ ಅನ್ನುವುದನ್ನು ಮರೆಯಬೇಡಿ. ಒಂದು ಮದುವೆಗೆ ಎರಡೂವರೆ ಸಾವಿರ ಫೋಟೋ, ವರ್ಷಕ್ಕೆ ನಲವತ್ತು ಮದುವೆ ಅಂದರೂ ವರ್ಷಕ್ಕೆ ಒಂದು ಲಕ್ಷ ಸಲ ಶಟರ್ ಬಡಿದಿರುತ್ತದೆ. ಡಿ850ಯ ಶಟರ್ ಅನ್ನು ಕಂಪನಿ 2 ಲಕ್ಷ ಸಲಕ್ಕೆ ಪರೀಕ್ಷಿಸಿದೆ. ಅಷ್ಟಾದ ತಕ್ಷಣ ನಿಂತೇಹೋಗುತ್ತದೆ ಅಂತಲ್ಲ. ಮೂರು ಲಕ್ಷ ದಾಟಿ ಓಡುವವೂ ಇವೆ. ಆದರೆ ಬೆಲೆ ಮಾತಾಡುವಾಗ ಆ ಸಂಖ್ಯೆ ನಿಮ್ಮ ಮುಂದಿರಬೇಕು. ಹೇಗೆ ತಿಳಿಯುವುದು? ನಿಮ್ಮದೇ ಕಾರ್ಡ್ ಹಾಕಿ ಒಂದು ಫೋಟೋ ತೆಗೆದು ಮನೆಗೆ ತನ್ನಿ. ನಿಕಾನ್ ಆ ಎಣಿಕೆಯನ್ನು ಪ್ರತಿ ಫೋಟೋ ಫೈಲಿನೊಳಗೇ ಅಡಗಿರುವ ಎಕ್ಸಿಫ್ ಮಾಹಿತಿಯಲ್ಲಿ ಬರೆದಿರುತ್ತದೆ. ಎಕ್ಸಿಫ್ ಓದುವ ಯಾವುದಾದರೂ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಶಟರ್ ಕೌಂಟ್ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿಕೊಂಡ ಫೋಟೋದಲ್ಲಿ ಆ ಮಾಹಿತಿ ಉಳಿಯುವುದಿಲ್ಲ, ಕಾರ್ಡಿನಲ್ಲೇ ತನ್ನಿ. ಒಂದು ಲಕ್ಷದ ಒಳಗಿದ್ದರೆ 95 ಸಾವಿರದ ಮಾತಾಡಬಹುದು. ಎರಡು ಲಕ್ಷದ ಹತ್ತಿರ ಇದ್ದರೆ ಮೊದಲು ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ, ಶಟರ್ ಬದಲಿಸಲು ಎಷ್ಟಾಗುತ್ತದೆ, ಭಾಗ ಸಿಗುತ್ತದಾ ಅಂತ ಕೇಳಿ. ಅಷ್ಟನ್ನು ಬೆಲೆಯಲ್ಲಿ ಕಳೆಯಿರಿ ಅಂತ ನೇರವಾಗಿ ಹೇಳಿ. ಪರಿಚಯದವರು ಅಂತ ಸಂಕೋಚ ಬೇಡ.

ನೋಡಲು ಹೋಗುವಾಗ ಹಗಲಲ್ಲೇ ಹೋಗಿ. ಲೆನ್ಸ್ ಬಿಚ್ಚಿ ಮೌಂಟಿನ ಲೋಹದ ಬಳೆ ನೋಡಿ. ಒಂದು ಕಡೆ ಮಾತ್ರ ಜಾಸ್ತಿ ಸವೆದಿದ್ದರೆ, ಮೂಲೆಯಲ್ಲಿ ತಗ್ಗು ಇದ್ದರೆ, ಸ್ಕ್ರೂ ತಲೆ ಕಿತ್ತಿದ್ದರೆ ಬಿದ್ದು ಎದ್ದಿರುವ ಕ್ಯಾಮೆರಾ. ಎಫ್/16 ಇಟ್ಟು, ಫೋಕಸ್ ಕೆಡಿಸಿ, ಬಿಳಿ ಆಕಾಶದ ಒಂದು ಫೋಟೋ ತೆಗೆಯಿರಿ. ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕೆಯಾಗಿ ಕಾಣುತ್ತದೆ, ಎಣ್ಣೆ ಹನಿ ದುಂಡಗೆ, ನಡುವೆ ತಿಳಿಯಾಗಿ ಕಾಣುತ್ತದೆ. ಎರಡೂ ಸ್ವಚ್ಛ ಮಾಡಿದರೆ ಹೋಗುವಂಥವೇ. ಹೋಗದೇ ಇರುವುದು ಗೀರು. ಸ್ವಚ್ಛ ಮಾಡಿಸಿದ ಮೇಲೂ ಗೆರೆ ಕಂಡರೆ ಬೇಡ. ಎರಡೂ ಕಾರ್ಡ್ ಜಾಗದಲ್ಲಿ ಬರೆಸಿ ನೋಡಿ. ಎಸ್‌ಡಿ ಕಾರ್ಡ್ ಒಂದೇ ನಿಮಗೆ ಸಾಕು, ಎಕ್ಸ್‌ಕ್ಯೂಡಿಗೆ ದುಡ್ಡು ಹಾಕಬೇಡಿ. ಡಿ810ಯನ್ನೇ ನೋಡುವುದಾದರೆ ಅದರ ಸಿಎಫ್ ಕಾರ್ಡ್ ಜಾಗಕ್ಕೆ ಟಾರ್ಚ್ ಬಿಟ್ಟು ಸೂಜಿಯಂಥ ಪಿನ್‌ಗಳು ನೆಟ್ಟಗಿವೆಯಾ ನೋಡಿ. ಒಂದು ಬಾಗಿದ್ದರೂ ತಲೆನೋವು. ಡಿ850ಯಾದರೆ ಪರದೆಯನ್ನು ಪೂರ್ತಿ ಬಿಚ್ಚಿ ಮಡಚಿ ನೋಡಿ, ಚಿತ್ರ ಮಿನುಗಬಾರದು. ನಿಮಗೆ ಬೇಕಾಗಿರುವುದೇ ಅದು. ಮೆನುವಿನಲ್ಲಿ ಬ್ಯಾಟರಿ ಮಾಹಿತಿ ತೆರೆದರೆ ವಯಸ್ಸು 0ಯಿಂದ 4ರವರೆಗೆ ತೋರಿಸುತ್ತದೆ. 4 ಇದ್ದರೆ ಹೊಸ ಬ್ಯಾಟರಿ ಖರ್ಚು ಸೇರಿಸಿಕೊಳ್ಳಿ. ಗ್ರಿಪ್ ರಬ್ಬರ್ ಅಂಟಂಟಾಗಿದ್ದರೆ ಹೆದರಬೇಕಿಲ್ಲ, ಬದಲಾಯಿಸಬಹುದು. ಕೊನೆಗೆ ಮೂಲ ಬಿಲ್ ಕೇಳಿ, ಅದರ ಸೀರಿಯಲ್ ನಂಬರ್ ಬಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಬಿಲ್ ಇಲ್ಲದ ಕ್ಯಾಮೆರಾ ಕದ್ದದ್ದೇ ಅಂತಲ್ಲ, ಆದರೆ ನಾಳೆ ನಿಮ್ಮ ಬಾಗಿಲಿಗೆ ಪ್ರಶ್ನೆ ಬರಬಾರದು.

ಅಂಗಡಿಯಲ್ಲಿ ಉಳಿದ ಹೊಸ ಪೀಸ್ ಡಿಸ್ಕೌಂಟ್‌ನಲ್ಲಿ ಇದೆ ಅಂತ ಯಾರಾದರೂ ಹೇಳಿದರೆ ಒಂದೇ ಪ್ರಶ್ನೆ ಕೇಳಿ: ಕಂಪನಿಯ ಭಾರತದ ವಾರಂಟಿ ಕಾರ್ಡ್ ಇದೆಯಾ? ‘ಅಂಗಡಿ ವಾರಂಟಿ ಕೊಡ್ತೀವಿ’ ಅಂದರೆ ಅದು ಬೇರೆ ದೇಶದಿಂದ ಬಂದ ಮಾಲು. ಒಮ್ಮೆ ನಾನೂ ಹಾಗೆ ಒಂದು ಫ್ಲ್ಯಾಶ್ ತಂದು, ಮೂರು ತಿಂಗಳಿಗೆ ಕೆಟ್ಟಾಗ ಆ ಅಂಗಡಿಯೇ ಅಲ್ಲಿರಲಿಲ್ಲ.

ಫೈಲ್ ಗಾತ್ರಕ್ಕೂ ಸಿದ್ಧರಾಗಿ. ಡಿ850ಯ ಒಂದು ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲ್) ಸುಮಾರು 50 ಎಂಬಿ. ದಿನಕ್ಕೆ ಇನ್ನೂರು ತೆಗೆದರೆ 10 ಜಿಬಿ. ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ರ‍್ಯಾಮ್ ಇಲ್ಲದಿದ್ದರೆ ಕೆಲಸ ತೆವಳುತ್ತದೆ. ಹಾರ್ಡ್ ಡಿಸ್ಕ್ ಎರಡು ಬೇಕು, ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಮಗನ ಮನೆಯಲ್ಲಿ. ರಸ್ತೆ ಅಗಲ ಮಾಡುವಾಗ, ಕೆರೆ ಏರಿ ದುರಸ್ತಿ ಮಾಡುವಾಗ ಕಲ್ಲುಗಳು ಹೇಗೆ ಕಾಣೆಯಾಗುತ್ತವೆ ಅಂತ ನೀವು ನನಗಿಂತ ಜಾಸ್ತಿ ನೋಡಿರುತ್ತೀರಿ. ಹಾಗೆ ಹೋದ ಕಲ್ಲಿಗೆ ನಿಮ್ಮ ಫೈಲ್ ಒಂದೇ ಉಳಿಯಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿರುವುದು ಇದೇ ಕಾಳಜಿಯಿಂದ. ಪ್ರತಿ ಫೋಲ್ಡರ್‌ನಲ್ಲಿ ಊರು, ಜಾಗ, ದಿನಾಂಕ, ಕಲ್ಲಿನ ಅಳತೆ ಬರೆದ ಒಂದು ಪುಟವನ್ನೂ ಇಡಿ.

ಹಾಗಾಗಿ ಮೇಷ್ಟ್ರೇ, ಒಂದೂಕಾಲು ಲಕ್ಷವನ್ನು ಹೀಗೆ ನಡೆಸಿ. ಈ ತಿಂಗಳು ಟ್ರೈಪಾಡ್ ಮತ್ತು 60 ಎಂಎಂ. ಒಂದು ತಿಂಗಳು ಅವೆರಡನ್ನೂ ಡಿ5300ಯ ಜೊತೆ ಬಳಸಿ. ಅಷ್ಟರಲ್ಲಿ ಡಿ850 ಬೆಲೆ ಏರುವುದಿಲ್ಲ, ಇಳಿದರೆ ಇಳಿದೀತು. ನಿಮ್ಮ ಫೋಟೋಗ್ರಾಫರ್ ಬೇರೆಯವರಿಗೆ ಕೊಟ್ಟರೂ ಚಿಂತೆಯಿಲ್ಲ, ಮಿರರ್‌ಲೆಸ್‌ಗೆ ಹೋಗುವವರು ಇನ್ನೂ ಬರುತ್ತಲೇ ಇದ್ದಾರೆ. ಆಮೇಲೆ ಡಿ850ಯ ಶಟರ್ ಕೌಂಟ್ ಹಿಡಿದುಕೊಂಡು 85 ಸಾವಿರದಿಂದ ಮಾತು ಶುರುಮಾಡಿ. ತಂದ ವಾರವೇ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕಲ್ಲಿನ ಫೋಟೋ ತೆಗೆದು, ಅದರ ಬರಹದ ಭಾಗವನ್ನಷ್ಟೇ ಮೂರಡಿ ಪ್ರಿಂಟ್‌ನಲ್ಲಿ ಬರುವ ಗಾತ್ರಕ್ಕೆ ಕತ್ತರಿಸಿ, ಎ4 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ. ಏಳನೇ ಕ್ಲಾಸಿನ ಒಂದು ಮಗುವಿನ ಮುಂದೆ ಇಡಿ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಅದರ ಆಕಾರವನ್ನು ಪೆನ್ಸಿಲಿನಲ್ಲಿ ತಪ್ಪಿಲ್ಲದೆ ಬರೆದುಕೊಂಡರೆ, ಉಳಿದ ಪ್ರಿಂಟ್‌ಗಳಿಗೆ ಆರ್ಡರ್ ಕೊಡಿ.